ಗೆಳೆಯನಿಗೊಂದು ಪತ್ರ: ಯಾವ ನಾಯಿ ತರಲಿ ಅಂತ ಕೇಳಿದೆಯಲ್ಲ

ಪ್ರೀತಿಯ ಛತ್ರಿ ಸಾಹೇಬರಿಗೆ,

ಎರಡು ಫೋಟೊ, ಎರಡು ಸಾಲು. ‘ಯಾವುದು ತರಲಿ? ಅವನ ಹಾಗೇ ಬಾಗಿಲಲ್ಲಿ ಕಾಯುತ್ತಾ?’ ಒಂದು ಫೋಟೊದಲ್ಲಿರುವುದು ತೀರಿಹೋದ ನಿನ್ನ ಹಳೆಯ ನಾಯಿಯ ಪಡಿಯಚ್ಚು: ಅದೇ ಕಂದು, ಅದೇ ಮಡಚಿದ ಬಲಗಿವಿ. ಇನ್ನೊಂದರಲ್ಲಿರುವುದು ಕ್ಯಾಮೆರಾಗೆ ಬೆನ್ನು ಹಾಕಿ ಮೂಲೆಯಲ್ಲಿ ಕೂತಿದೆ, ಮುಖವೇ ಕಾಣುವುದಿಲ್ಲ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಅರ್ಧಕ್ಕೇ ‘ಸರಿ ಸರಿ’ ಅಂದುಬಿಡುತ್ತೀಯ. ಹೀಗೆ ನಾಲ್ಕು ಜನರ ಮುಂದೆ ಬರೆದರೆ ಪೂರ್ತಿ ಓದಲೇಬೇಕು. ನಿನ್ನ ಹಳೆಯ ಕಥೆ ಯಾವುದನ್ನೂ ಎತ್ತುವುದಿಲ್ಲ, ಧೈರ್ಯವಾಗಿ ಓದು.

ಮೊದಲು ಆ ಕಂದು ಬಣ್ಣದ್ದು. ಬಣ್ಣ, ಕಿವಿ ನೋಡಿ ಗುಣ ಹೇಳಲಾಗುವುದಿಲ್ಲ ಮಾರಾಯ. ಗುಣ ಹಾಗಿರಲಿ, ಬೆರಕೆ ನಾಯಿಯ ತಳಿಯನ್ನೇ ಹೇಳಲಾಗುವುದಿಲ್ಲ. ಕಣ್ಣಂದಾಜಿನಲ್ಲಿ ‘ಲ್ಯಾಬ್ ಮಿಕ್ಸ್’ (ಲ್ಯಾಬ್ರಡಾರ್ ಬೆರಕೆ) ಅಂತ ಚೀಟಿ ಅಂಟಿಸಿಕೊಂಡದ್ದು ಡಿಎನ್‌ಎ ಪರೀಕ್ಷೆಯಲ್ಲಿ ಬೇರೇನೋ ಆಗಿಬಿಡುವುದು ಮಾಮೂಲು. ತಳಿ ಖಚಿತವಾಗಿ ಗೊತ್ತಿದ್ದರೂ ಅಷ್ಟೇ. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ದೊಡ್ಡ ಅಧ್ಯಯನ ಬಂತು. 18,000ಕ್ಕೂ ಹೆಚ್ಚು ನಾಯಿಗಳ ವರ್ತನೆಯ ಬಗ್ಗೆ ಸಾಕಿದವರನ್ನು ವಿಚಾರಿಸಿ, ಅವುಗಳಲ್ಲಿ 2,000ಕ್ಕೂ ಹೆಚ್ಚರ ಡಿಎನ್‌ಎ ಓದಿದ್ದರು. ಒಂದು ನಾಯಿಗೂ ಇನ್ನೊಂದಕ್ಕೂ ವರ್ತನೆಯಲ್ಲಿ ಕಾಣುವ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ಶೇ. 9 ಮಾತ್ರ. ಹಾಗಂತ ತಳಿಗೆ ಬೆಲೆಯೇ ಇಲ್ಲ ಅಂತಲ್ಲ. ಕುರಿ ಕಾಯಲೆಂದು ಬೆಳೆಸಿದ ಬಾರ್ಡರ್ ಕಾಲಿಯನ್ನು ಬಾಲ್ಕನಿಯಲ್ಲಿ ಕೂಡಿಹಾಕಿದರೆ ಅದು ಓಡುವ ಮಕ್ಕಳನ್ನೇ ಮಂದೆ ಮಾಡಲು ಹೊರಟೀತು. ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂತಿಯವು ಸೆಕೆಯಲ್ಲಿ, ಓಟದಲ್ಲಿ ಉಸಿರಿಗೆ ಒದ್ದಾಡುತ್ತವೆ. ಭಾರಿ ಗಾತ್ರದವಕ್ಕೆ ಸೊಂಟದ ಕೀಲಿನ ಕಾಟ ಹೆಚ್ಚು, ಆಯಸ್ಸು ಕಡಿಮೆ. ಇಷ್ಟನ್ನು ತಳಿ ಹೇಳುತ್ತದೆ. ಬಾಗಿಲಲ್ಲಿ ಕಾಯುತ್ತದೆಯೋ ಇಲ್ಲವೋ ಅನ್ನುವುದನ್ನು ಹೇಳುವುದಿಲ್ಲ.

ನಾಯಿ ನೋಡುವ ಮೊದಲು ನಿನ್ನ ದಿನ ನೋಡು. ಒಂದು ವಾರ ಹಾಳೆಯ ಮೇಲೆ ಬರೆದಿಡು: ಮನೆ ಖಾಲಿ ಇದ್ದದ್ದು ಎಷ್ಟು ಗಂಟೆ, ಬೆಳಗ್ಗೆ ನಿಜವಾಗಿ ಎದ್ದದ್ದು ಎಷ್ಟಕ್ಕೆ (ಏಳುತ್ತೇನೆ ಅಂದುಕೊಂಡದ್ದಲ್ಲ), ಸಂಜೆ ಚಪ್ಪಲಿ ಮೆಟ್ಟುವಷ್ಟು ಶಕ್ತಿ ಉಳಿದದ್ದು ಎಷ್ಟು ದಿನ. ಮರಿ ಉಚ್ಚೆ ತಡೆದುಕೊಳ್ಳುವುದಕ್ಕೊಂದು ಲೆಕ್ಕವಿದೆ. ಅದರ ವಯಸ್ಸಿನ ತಿಂಗಳಿಗೆ ಒಂದು ಕೂಡಿಸು, ಹೆಚ್ಚೆಂದರೆ ಅಷ್ಟು ಗಂಟೆ. 2 ತಿಂಗಳ ಮರಿಗೆ 3 ಗಂಟೆ, ಅದೂ ನಿದ್ದೆಯಲ್ಲಿದ್ದರೆ. ಆಡುತ್ತಿದ್ದರೆ ಅರ್ಧ ಗಂಟೆಗೇ ನೆಲ ಒದ್ದೆ. ಬೆಳೆದ ನಾಯಿಯನ್ನೂ 4ರಿಂದ 6 ಗಂಟೆಗಿಂತ ಹೆಚ್ಚು ಒಂಟಿ ಬಿಡದಿದ್ದರೆ ವಾಸಿ.

‘ಮರಿ ತಂದರೆ ನಮಗೆ ಬೇಕಾದ ಹಾಗೆ ತಿದ್ದಬಹುದು’ ಅನ್ನುವುದು ಅರ್ಧ ಸತ್ಯ. ಲೋಕದ ಸದ್ದು, ಜನ, ನೆಲ, ಗಾಡಿ ಇವೆಲ್ಲ ಮಾಮೂಲು ಅಂತ ಮರಿಯ ತಲೆಗೆ ಸುಲಭವಾಗಿ ಹತ್ತುವುದು 3ನೇ ವಾರದಿಂದ ಸುಮಾರು 12–14ನೇ ವಾರದವರೆಗೆ. 8 ವಾರಕ್ಕೆ ಮುಂಚೆ ತಾಯಿಯಿಂದ ಬಿಡಿಸಬಾರದು. ಎಷ್ಟು ಕಚ್ಚಿದರೆ ನೋವಾಗುತ್ತದೆ ಅನ್ನುವ ಪಾಠ ಒಡಹುಟ್ಟಿದವುಗಳ ಜೊತೆ ಆಡುವಾಗಲೇ ಆಗುತ್ತದೆ. ಅಂದರೆ ನಿನ್ನ ಕೈಗೆ ಉಳಿಯುವುದು ನಾಲ್ಕಾರು ವಾರ. ಆ ವಾರಗಳಲ್ಲೇ ಲಸಿಕೆಯೂ ಅರ್ಧದಲ್ಲಿರುತ್ತದೆ: 6–8 ವಾರಕ್ಕೆ ಶುರು, 2ರಿಂದ 4 ವಾರಕ್ಕೊಂದರಂತೆ 16 ವಾರ ತುಂಬುವ ತನಕ. ಮರಿಗಳಿಗೆ ಪ್ರಾಣಾಂತಿಕ ವಾಂತಿಭೇದಿ ತರುವ ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುವುದರಿಂದ ಕಂಡಕಂಡ ನಾಯಿ ಓಡಾಡುವಲ್ಲಿ ಮರಿಯನ್ನು ಇಳಿಸುವಂತಿಲ್ಲ, ಮನೆಯೊಳಗೇ ಇಟ್ಟುಕೊಂಡರೆ ಲೋಕ ಕಾಣುವುದಿಲ್ಲ. ಎತ್ತಿಕೊಂಡು ತಿರುಗಬೇಕು, ದಿನವೂ. ನಿನಗೆ ಆಗುತ್ತಾ? ‘ಜೊತೆಗಿರಲಿ’ ಅಂತ ಒಂದೇ ಸೂಲಿನ ಎರಡು ಮರಿ ತರುವ ಯೋಚನೆಯಿದ್ದರೆ ಅದನ್ನು ಇಲ್ಲೇ ಬಿಡು. ಅವು ಒಂದಕ್ಕೊಂದು ಅಂಟಿಕೊಂಡು ನಿನ್ನ ಮಾತಿಗೆ ಕಿವಿಗೊಡುವುದು ಕಷ್ಟ, ಬಿಡಿಸಿದರೆ ಎರಡೂ ಊಳಿಡುತ್ತವೆ.

ನನ್ನ ಮಟ್ಟಿಗೆ ನಿನ್ನಂಥವನಿಗೆ 2ರಿಂದ 5 ವರ್ಷದ ನಾಯಿ ಸರಿ. ಗಾತ್ರ ನಿಂತಿರುತ್ತದೆ, ಸ್ವಭಾವವೂ ಹೆಚ್ಚುಕಡಿಮೆ ನಿಂತಿರುತ್ತದೆ. ಯಾರದಾದರೂ ಮನೆಯಲ್ಲಿ ಕೆಲವು ವಾರ ತಾತ್ಕಾಲಿಕವಾಗಿ ಇದ್ದದ್ದಾದರೆ ಇನ್ನೂ ಒಳ್ಳೆಯದು. ಆಶ್ರಯತಾಣದ ಗೂಡಿನಲ್ಲಿ ಕಾಣುವ ನಾಯಿಗೂ ಮನೆಯಲ್ಲಿ ಕಾಣುವ ನಾಯಿಗೂ ಎಷ್ಟೋ ಸಲ ಸಂಬಂಧವೇ ಇರುವುದಿಲ್ಲ.

ನಾಯಿಯನ್ನು ಈಗ ನೋಡಿಕೊಳ್ಳುತ್ತಿರುವವರನ್ನು ಕೇಳುವಾಗ ಗುಣವಾಚಕ ಕೇಳಬೇಡ, ಕ್ರಿಯಾಪದ ಕೇಳು (ಮೇಷ್ಟ್ರು ಇದನ್ನು ಓದಿದರೆ ಖುಷಿಪಟ್ಟಾರು). ‘ಸಾಧುವಾ?’ ಅಂದರೆ ಎಲ್ಲರೂ ‘ಬಹಳ ಸಾಧು’ ಅನ್ನುತ್ತಾರೆ. ‘ಸೈಕಲ್ ಪಕ್ಕದಲ್ಲಿ ಹಾದುಹೋದಾಗ ಏನು ಮಾಡಿತು? ಎಲ್ಲಿ ಮಲಗುತ್ತದೆ? ನೀವು ಬಾಗಿಲು ಹಾಕಿಕೊಂಡು ಹೋದ ಮೊದಲ ಹತ್ತು ನಿಮಿಷ ಏನು ಮಾಡುತ್ತದೆ?’ ಅಂತ ಕೇಳು. ಹೊರಗೆ ಹೋಗುವುದು ಹುಲ್ಲಿನ ಮೇಲೋ ಸಿಮೆಂಟಿನ ಮೇಲೋ ಅಂತ ಕೇಳುವುದನ್ನು ಜನ ಮರೆಯುತ್ತಾರೆ. ಕಾಲಿಗೆ ಅಭ್ಯಾಸವಾದ ನೆಲವನ್ನೇ ನಾಯಿ ಹುಡುಕುತ್ತದೆ, ಸಿಮೆಂಟಿಗೆ ಒಗ್ಗಿದ್ದು ನಿನ್ನ ಮೊಸಾಯಿಕ್ಕನ್ನೂ ಸಿಮೆಂಟು ಅಂದುಕೊಂಡರೆ ತಪ್ಪು ಅದರದ್ದಲ್ಲ. ಹಿಂದೆ ಯಾರಾದರೂ ಒಯ್ದು ವಾಪಸ್ ಬಿಟ್ಟಿದ್ದರೆ ಏಕೆ ಅಂತ ಬಿಡದೆ ಕೇಳು. ಕಚ್ಚಿತ್ತು ಅಂದರೆ ಅಲ್ಲಿಗೇ ಎದ್ದು ಬರಬೇಡ. ಯಾರನ್ನು, ಏನು ಮಾಡುತ್ತಿದ್ದಾಗ, ಬರೀ ಹಲ್ಲು ತಾಗಿತೋ ಆಳಕ್ಕೆ ಇಳಿಯಿತೋ, ಒಮ್ಮೆ ಕಚ್ಚಿ ಬಿಟ್ಟಿತೋ ಮತ್ತೆ ಮತ್ತೆಯೋ. ಗಾಯ ತೊಳೆಯುವಾಗ ಹಲ್ಲು ತಾಗಿಸಿದ ನಾಯಿಯೂ ನೆಂಟರ ಮಗುವನ್ನು ಅಟ್ಟಿಸಿಕೊಂಡು ಹೋದ ನಾಯಿಯೂ ಒಂದೇ ಅಲ್ಲ.

ಇನ್ನು ಭೇಟಿ. ಒಂದೇ ಸಲ ನೋಡಿ ತೀರ್ಮಾನ ಬೇಡ, ಬೇರೆ ಬೇರೆ ಹೊತ್ತಿನಲ್ಲಿ ಎರಡು ಸಲ ಹೋಗು. ಗೂಡಿನೊಳಗೆ ಬೊಗಳಾಟದ ಗದ್ದಲದಲ್ಲಿ ಏನೂ ತಿಳಿಯುವುದಿಲ್ಲ. ಹೊರಗೆ ಕರೆತರಿಸಿಕೊಂಡು 20 ನಿಮಿಷ ಇರು. ಮೊದಲ 10 ನಿಮಿಷ ಸುಮ್ಮನಿರು, ಅದು ನೆಲ ಮೂಸುತ್ತದೆ, ಮೂಸಲಿ. ಆಮೇಲೆ ಎದುರಾಗಿ ಬಗ್ಗದೆ ಪಕ್ಕಕ್ಕೆ ತಿರುಗಿ ಕೂರು. ತಾನಾಗಿ ಬಂದರೆ ಎದೆಯನ್ನೋ ಕೆನ್ನೆಯ ಬದಿಯನ್ನೋ 3 ಸೆಕೆಂಡು ಸವರಿ ಕೈ ತೆಗೆ. ಮೈ ಒತ್ತಿಕೊಂಡು ‘ಇನ್ನೂ’ ಅಂತ ಕೇಳುತ್ತದೆಯೋ, ತುಟಿ ನೆಕ್ಕಿ ಮುಖ ಆಚೆ ತಿರುಗಿಸುತ್ತದೆಯೋ ನೋಡು. ನಿದ್ದೆಯಿಲ್ಲದ ಆಕಳಿಕೆ, ಕಣ್ಣಂಚಿನ ಬಿಳಿ ಕಾಣುವ ಓರೆನೋಟ, ಹೊಟ್ಟೆಯಡಿ ಸೇರಿದ ಬಾಲ, ಇವು ಸೊಕ್ಕಲ್ಲ, ದಿಗಿಲು. ಬೀಗದ ಕೈಗೊಂಚಲನ್ನು ಹತ್ತು ಹೆಜ್ಜೆ ದೂರದಲ್ಲಿ ಬೀಳಿಸು, ಅದರ ತಲೆಯ ಪಕ್ಕ ಅಲ್ಲ. ಬೆಚ್ಚಿತೇ ಅನ್ನುವುದು ಮುಖ್ಯವಲ್ಲ, ಎಲ್ಲವೂ ಬೆಚ್ಚುತ್ತವೆ. ಎಷ್ಟು ಹೊತ್ತಿಗೆ ಸುಧಾರಿಸಿಕೊಂಡು ಗೊಂಚಲು ಮೂಸಲು ಬಂತು ಅನ್ನುವುದನ್ನು ನೋಡು. ನಿಮಿಷದೊಳಗೆ ಬಂದರೆ ಗಟ್ಟಿ ಜೀವ. ಕಾಲು ಗಂಟೆಯಾದರೂ ನಡುಗುತ್ತಿದ್ದರೆ ಗದ್ದಲದ ರಸ್ತೆಯ ಮನೆ ಅದಕ್ಕೆ ಜೈಲು.

ಊಟದ ತಟ್ಟೆಗೆ ಕೈ ಹಾಕುವ ಪರೀಕ್ಷೆ ಮಾತ್ರ ಮಾಡಬೇಡ. ಗೂಡಿನಲ್ಲಿ ತಟ್ಟೆ ಕಾದು ಗುರ್ ಅಂದ ಎಷ್ಟೋ ನಾಯಿಗಳು ಮನೆಯಲ್ಲಿ ಹಾಗೆ ಮಾಡುವುದೇ ಇಲ್ಲ, ಅಲ್ಲಿ ಸುಮ್ಮನಿದ್ದವು ಇಲ್ಲಿ ಮಾಡುತ್ತವೆ. ಬೊಗಳುವ ನಾಯಿ ಕಚ್ಚುವುದಿಲ್ಲ ಅನ್ನುವುದನ್ನೂ ಮರೆತುಬಿಡು. ಬೊಗಳುವುದೂ ಕಚ್ಚುತ್ತದೆ. ನಾನು ಹೆಚ್ಚು ಹೆದರುವುದು ಬೊಗಳುತ್ತಿದ್ದದ್ದು ಥಟ್ಟನೆ ನಿಲ್ಲಿಸಿ, ಬಾಯಿ ಮುಚ್ಚಿ, ಕಲ್ಲಿನ ಹಾಗೆ ಸೆಟೆದು ನಿಂತದ್ದಕ್ಕೆ. ಆಗ ಕೈ ಚಾಚದೆ ಪಕ್ಕಕ್ಕೆ ಸರಿ.

ಮೈ ನೋಡುವುದು ಡಾಕ್ಟರ ಕೆಲಸವಾದರೂ ಕೆಲವನ್ನು ನೀನೇ ನೋಡಬಹುದು. ವಸಡು ಗುಲಾಬಿ ಇರಬೇಕು. ಬೆರಳಿನಿಂದ ಒತ್ತಿ ಬಿಟ್ಟರೆ ಬೆಳ್ಳಗಾದ ಜಾಗಕ್ಕೆ 2 ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಕಿವಿಯೊಳಗೆ, ಕಾಲ್ಬೆರಳ ಸಂದಿಯಲ್ಲಿ ಉಣ್ಣಿ (ರಕ್ತ ಹೀರುವ ಹುಳ) ಹುಡುಕು. ಉಣ್ಣಿ ಜ್ವರ ಮೇಲೆ ಕಾಣದೆ ಒಳಗೇ ಅಡಗಿರಬಹುದು, ರಕ್ತಪರೀಕ್ಷೆ ಮಾಡಿಸು. ಮರಿಯ ಹೊಟ್ಟೆ ಮಾತ್ರ ಉಬ್ಬಿ ಮೈ ಬಡಕಲಾಗಿದ್ದರೆ ಜಂತುಹುಳು. ಪೂರ್ತಿ ಬಿಳಿಯ ನಾಯಿಯಾದರೆ ಹಿಂದಿನಿಂದ ಚಪ್ಪಾಳೆ ತಟ್ಟಿ ನೋಡು, ಅವುಗಳಲ್ಲಿ ಹುಟ್ಟುಕಿವುಡು ಹೆಚ್ಚು. ಮೆಲ್ಲಗೆ ಓಡಿಸಿ ಹಿಂದಿನಿಂದ ನೋಡು: ಎರಡು ಹಿಂಗಾಲನ್ನೂ ಜೋಡಿಸಿ ಮೊಲದ ಹಾಗೆ ಕುಪ್ಪಳಿಸಿದರೆ ಸೊಂಟದ ಎಕ್ಸ್‌ರೇ ಬೇಕು.

ಹಲ್ಲು. ಮರಿಗೆ ಹಾಲುಹಲ್ಲು 28. ನಾಲ್ಕನೇ ತಿಂಗಳ ಹೊತ್ತಿಗೆ ಮುಂದಿನವು ಬಿದ್ದು ಹೊಸವು ಬರತೊಡಗುತ್ತವೆ, ಆರೇಳು ತಿಂಗಳಿಗೆ ಕೋರೆಯೂ ಸೇರಿ 42 ಪೂರ್ತಿ. ವರ್ಷದ ನಾಯಿಯ ಹಲ್ಲು ಮಲ್ಲಿಗೆ. ಎರಡರ ಹೊತ್ತಿಗೆ ಹಿಂದಿನ ದವಡೆಯಲ್ಲಿ ಹಳದಿ, ಮೂರರಿಂದ ಐದರೊಳಗೆ ಎಲ್ಲದರ ಬುಡದಲ್ಲೂ ಕಿಟ್ಟ, ಮುಂದಿನವುಗಳ ತುದಿ ಸವೆತ. ಅದರಾಚೆ ಹಲ್ಲನ್ನು ನಂಬಬೇಡ, ಕಲ್ಲು ಕಡಿಯುವ ನಾಯಿ ಮೂರಕ್ಕೇ ಮುದುಕನ ಬಾಯಿ ಮಾಡಿಕೊಂಡಿರುತ್ತದೆ. ಏಳೆಂಟು ದಾಟಿದ್ದಕ್ಕೆ ಕಣ್ಣಾಲಿಯೊಳಗೆ ನೀಲಿ ಮಂಜು ಕಾಣುತ್ತದೆ.

ಇದನ್ನು ಬರೆಯುತ್ತ ಒಂದು ಹೊಳೆಯಿತು, ಹೊಳೆಯದಿದ್ದರೇ ಚೆನ್ನಾಗಿತ್ತು. ಯಾವ ನಾಯಿ ಹತ್ತಿರ ಬಂದರೂ ನನ್ನ ಕೈ ಮೊದಲು ಹೋಗುವುದು ತುಟಿ ಎತ್ತಲು, ತಲೆ ಸವರಲಲ್ಲ. ವಯಸ್ಸು ತಿಳಿಯಲು ಅಂತ ಇಷ್ಟು ದಿನ ಅಂದುಕೊಂಡಿದ್ದೆ. ಅಲ್ಲ ಕಣೋ, ಉಳಿದದ್ದು ಎಷ್ಟು ಅಂತ ತಿಳಿಯಲು. 4 ವರ್ಷ, ಮಧ್ಯಮ ಗಾತ್ರ, ಹನ್ನೆರಡು ಹದಿಮೂರರವರೆಗೆ ಅಂದರೆ ಇನ್ನು ಎಂಟೊಂಬತ್ತು. ಆಗ ನನಗೆಷ್ಟು? ಕಾಲು ಬಿದ್ದುಹೋದ ನಾಯಿಯನ್ನು ಮೆಟ್ಟಿಲಿಳಿಸಲು ಬೆನ್ನಿರುತ್ತದಾ? ಕೊನೆಯ ಸೂಜಿಯ ದಿನ ಮೇಜಿನ ಪಕ್ಕ ನಿಲ್ಲಲು ಇನ್ನೊಂದು ಸಲ ನನ್ನಿಂದ ಆಗುತ್ತದಾ? ಲೆಕ್ಕ ಮುಗಿಯುವಷ್ಟರಲ್ಲಿ ನಾಯಿ ಬೇಜಾರಾಗಿ ಇನ್ನೊಬ್ಬರ ಕಡೆ ಹೋಗಿರುತ್ತದೆ. ಮೇಲೆ ಬರೆದ ಈ ಗಂಟೆಯ ಹಾಳೆ, ಬೀಗದ ಕೈ, 2 ಸೆಕೆಂಡಿನ ವಸಡು, ಎಲ್ಲ ಸರಿಯಾದದ್ದೇ, ಒಂದನ್ನೂ ಹಿಂತೆಗೆದುಕೊಳ್ಳುವುದಿಲ್ಲ. ಆದರೆ ಇಷ್ಟುದ್ದದ ಪಟ್ಟಿ ಹಿಡಿದು ಹೋದರೆ ಯಾವ ನಾಯಿಯಲ್ಲಾದರೂ ಒಂದು ‘ಬೇಡ’ ಸಿಕ್ಕೇ ಸಿಗುತ್ತದೆ. ನನಗೆ ಪ್ರತಿ ಸಲವೂ ಸಿಕ್ಕಿದೆ. ಹೋದವನ ಕಿವಿ ಹುಡುಕುತ್ತೀಯ ಅಂತ ನಿನ್ನನ್ನು ಹಂಗಿಸಿದೆನಲ್ಲ, ನೀನು ಹುಡುಕುತ್ತಾದರೂ ಇದ್ದೀಯ.

ಸಾಕು. ನಾಯಿಗೆ ಕೆಲಸವಿಲ್ಲ, ನಿಲ್ಲಲು ಪುರುಸೊತ್ತಿಲ್ಲ ಅನ್ನುತ್ತಾರೆ. ನನಗೆ ನಾಯಿಯೂ ಇಲ್ಲ, ಪುರುಸೊತ್ತೂ ಇಲ್ಲ, ಸಲಹೆ ಮಾತ್ರ ಧಾರಾಳ. ಈ ಪ್ಯಾರಾ ನಿನ್ನ ಹೆಂಡತಿಗೆ ಓದಿ ಹೇಳಬೇಡ, ಅವಳು ಸಂಜೆಯೊಳಗೆ ಒಂದು ಮರಿ ತಂದು ನನ್ನ ಮಡಿಲಿಗೆ ಹಾಕಿಯಾಳು.

ಕೆಲಸದ ಮಾತಿಗೆ ಬರೋಣ. ಯಾವುದನ್ನೇ ತಂದರೂ ಮೊದಲ ದಿನಗಳಲ್ಲಿ ತಪ್ಪಿಸಿಕೊಂಡು ಓಡುವ ಭಯವೇ ದೊಡ್ಡದು. ಹೆದರಿದ ನಾಯಿ ಹಿಂದಕ್ಕೆ ಜಗ್ಗಿದರೆ ಸಾಮಾನ್ಯ ಕಾಲರು ತಲೆಯಿಂದ ಕಳಚಿ ಬರುತ್ತದೆ. ಮೈಗೆ ಹಾರ್ನೆಸ್ (ಎದೆಗೂ ಬೆನ್ನಿಗೂ ಸುತ್ತುವ ಪಟ್ಟಿ) ಹಾಕು, ಕೊರಳಿಗೆ ಎಳೆದರೆ ಬಿಗಿಯುವ ಮಾರ್ಟಿಂಗೇಲ್ ಕಾಲರ್ ಹಾಕು, ಎರಡಕ್ಕೂ ಬೇರೆ ಬೇರೆ ಹಗ್ಗ. ನಿನ್ನ ಫೋನ್ ನಂಬರಿನ ಬಿಲ್ಲೆ ಮನೆ ತಲುಪಿದ ಮೇಲಲ್ಲ, ಅಲ್ಲೇ ಹಾಕು. ಅಲ್ಲಿ ತಿನ್ನುತ್ತಿದ್ದ ಆಹಾರವನ್ನೇ ಒಂದು ವಾರಕ್ಕಾಗುವಷ್ಟು ಕೇಳಿ ತಾ. ಬದಲಿಸುವುದಿದ್ದರೆ ಕಾಲು ಭಾಗ, ಅರ್ಧ, ಮುಕ್ಕಾಲು ಅಂತ 7–10 ದಿನ ಹಿಡಿಯಲಿ, ಇಲ್ಲದಿದ್ದರೆ ಭೇದಿ ಗ್ಯಾರಂಟಿ. ನೆಂಟರು, ಸ್ನಾನ, ಸೆಲ್ಫಿ ಎಲ್ಲ ಆಮೇಲೆ. ಬಲ್ಲವರು 3 ದಿನ, 3 ವಾರ, 3 ತಿಂಗಳು ಅಂತ ಲೆಕ್ಕ ಹೇಳುತ್ತಾರೆ: ದಿಗಿಲು ಇಳಿಯಲು, ಮನೆಯ ಕ್ರಮ ತಿಳಿಯಲು, ಇದು ನನ್ನ ಮನೆ ಅನ್ನಿಸಲು. ಗಡಿಯಾರವೇನಲ್ಲ, ಅಂದಾಜು. ಮೂರನೇ ವಾರಕ್ಕೆ ಇದ್ದಕ್ಕಿದ್ದಂತೆ ತುಂಟತನ ಶುರುವಾದರೆ ಮೋಸ ಹೋದೆ ಅಂದುಕೊಳ್ಳಬೇಡ, ಆಗಷ್ಟೇ ಅದರ ನಿಜವಾದ ಸ್ವಭಾವ ಹೊರಗೆ ಬರುತ್ತಿರುತ್ತದೆ.

ಮೂಲೆಯಲ್ಲಿ ಬೆನ್ನು ಹಾಕಿ ಕೂತದ್ದನ್ನು ನೋಡಿ ‘ಎಷ್ಟು ಶಾಂತ’ ಅಂತ ಬರೆದುಕೊಳ್ಳುವುದೂ ತಪ್ಪು, ‘ಮಂಕು’ ಅಂತ ಬಿಟ್ಟುಬರುವುದೂ ತಪ್ಪು. ಹೆದರಿ ಮುದುಡಿದ ನಾಯಿ ಇನ್ನೂ ಏನನ್ನೂ ತೋರಿಸಿರುವುದಿಲ್ಲ. ಶನಿವಾರ ಅದನ್ನೇ ಮೊದಲು ಹೊರಗೆ ಕರೆತರಿಸು, ಭಾನುವಾರ ಇನ್ನೊಮ್ಮೆ. ಕಂದು ಬಣ್ಣದ್ದನ್ನೂ ನೋಡು, ಅದರ ತಪ್ಪೇನಿದೆ. ಹಳೆಯ ಹೆಸರು ಹಿಡಿದು ಮಾತ್ರ ಕರೆಯಬೇಡ. ಬರುತ್ತೇನೆ ಜೊತೆಗೆ, ಹಗ್ಗ ಹಿಡಿಯುವುದಕ್ಕೆ ಅಷ್ಟೇ, ಬೇರೆ ಅರ್ಥ ಕಲ್ಪಿಸಬೇಡ.

ಮಳೆ ಬರುವ ಹಾಗಿದ್ದರೂ ಛತ್ರಿ ಮಾತ್ರ ಮನೆಯಲ್ಲೇ ಬಿಟ್ಟು ಬಾ. ಛತ್ರಿ ಪಟ್ಟನೆ ಬಿಚ್ಚಿದರೆ ಬಹಳ ನಾಯಿಗಳು ಬೆಚ್ಚುತ್ತವೆ. ನಿನ್ನದಕ್ಕೆ ಮನುಷ್ಯರೇ ಬೆಚ್ಚಿದ್ದರು.

ನಿನ್ನ,
ಹಲ್ಲು ಡಾಕ್ಟರು