ಭಾನುವಾರ ತಾಂಡಾಕ್ಕೆ ಬರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಚಿಂಚೋಳಿ ವನ್ಯಧಾಮದ ಅಂಚಿನ ಲಂಬಾಣಿ ತಾಂಡಾದಲ್ಲಿ ನಾವು ಕಾಡು ಕಾಯುವ ಬಗ್ಗೆ ಭಾಷಣ ಮಾಡುವುದು ಬೇಡ. ಮೊದಲು ನಾಯಕರ, ಅಂದರೆ ತಾಂಡಾದ ಹಿರಿಯ ಮುಖಂಡರ, ಮನೆಗೆ ಹೋಗೋಣ. ಬೇಸಿಗೆಯಲ್ಲಿ ಯಾವ ಹಳ್ಳದಲ್ಲಿ ನೀರು ಉಳಿಯುತ್ತದೆ, ಬೆಂಕಿ ಯಾವ ಕಡೆಯಿಂದ ಹಬ್ಬುತ್ತದೆ, ಇದೆಲ್ಲ ನಮಗಿಂತ ಅವರಿಗೇ ಜಾಸ್ತಿ ಗೊತ್ತು, ಅಲ್ವಾ?

2006ರ ಅರಣ್ಯ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಕಾಡು ಕಾಯುವ ಅಧಿಕಾರವನ್ನು ಗ್ರಾಮಸಭೆಗೂ ಕೊಟ್ಟಿದೆ. ತೊಡಕು ಬೇರೆ ಕಡೆ ಇದೆ. ನಮ್ಮ ರಾಜ್ಯದಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿದ್ದಾರೆ, ಪಂಗಡದಲ್ಲಿಲ್ಲ. ಈ ಕಾಯ್ದೆಯಡಿ ಪಂಗಡಕ್ಕೆ ಸೇರದವರು ಅರಣ್ಯ ಹಕ್ಕಿಗೆ ಅರ್ಜಿ ಹಾಕಿದರೆ 2005ಕ್ಕೂ ಹಿಂದಿನ 75 ವರ್ಷಗಳ ನೆಲೆಗೆ ಸಾಕ್ಷಿ ಕೊಡಬೇಕು. ಅಷ್ಟು ಹಳೆಯ ಕಾಗದ ಯಾರ ಹತ್ತಿರ ಇರುತ್ತದೆ? ಅರ್ಜಿ ಹಾಕದ ಹಿರಿಯರು ಹೇಳಿದ್ದನ್ನು ಬರೆದುಕೊಂಡರೆ ಅದೂ ಒಂದು ಸಾಕ್ಷಿಯೇ. ಅದಕ್ಕೇ ನೋಟ್‌ಬುಕ್ ತನ್ನಿ, ಲಂಬಾಣಿ ಭಾಷೆ ಬರುವವರು ತಪ್ಪದೆ ಬನ್ನಿ. ಚಂದ್ರಂಪಳ್ಳಿ ಡ್ಯಾಮ್‌ನ ಸೆಲ್ಫಿ ಆಮೇಲೆ!