ಗ್ರಾಮಸಭೆಗೆ ಅಂದಾಜು ಪತ್ರಿಕೆ ತರಿಸಿ ಓದಿಸಿ

ಮಾನ್ಯರೇ,

ಪ್ರತಿ ವರ್ಷ ಅಕ್ಟೋಬರ್ 2ರಿಂದ ನಡೆಯುವ ಜನ ಯೋಜನೆ ಅಭಿಯಾನದಲ್ಲಿ ಗ್ರಾಮ ಪಂಚಾಯಿತಿಗಳು ಮುಂದಿನ ಸಾಲಿನ ಕ್ರಿಯಾ ಯೋಜನೆಗಾಗಿ ಗ್ರಾಮಸಭೆ ಕರೆಯುತ್ತವೆ. ಕುಡಿಯುವ ನೀರಿನ ವಿಷಯ ಬಂದಾಗ ಕಾಮಗಾರಿಯ ಹೆಸರು, ಮೊತ್ತ ಇವೆರಡನ್ನೇ ಓದಿ ಮುಂದೆ ಹೋಗುವುದು ರೂಢಿ. ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಗ್ರಾಮಸ್ಥರಲ್ಲಿ ಒಂದು ವಿನಂತಿ: ಅಷ್ಟಕ್ಕೇ ಒಪ್ಪಿಗೆ ಕೊಡಬೇಡಿ. ಕಾಮಗಾರಿಯ ಬಾಬ್ತುವಾರು ಖರ್ಚಿನ ಲೆಕ್ಕವಿರುವ ಅಂದಾಜು ಪತ್ರಿಕೆಯನ್ನೇ ತರಿಸಿ, ಸಾಲು ಸಾಲಾಗಿ ಓದಿಸಿ. ಮೇ ತಿಂಗಳಲ್ಲಿ ನಿಮ್ಮ ಮನೆಯ ನಳಕ್ಕೆ ನೀರು ಬರುತ್ತದೋ ಇಲ್ಲವೋ ಎಂಬುದು ಆ ಕಾಗದದಲ್ಲೇ ತೀರ್ಮಾನವಾಗಿರುತ್ತದೆ.

ಮೊದಲು ಹಣದ ಮೂಲ ತಿಳಿದಿರಲಿ. ಹಳ್ಳಿಯ ಮನೆಮನೆಗೆ ನಳದ ನೀರು ಕೊಡಲು 2019ರ ಆಗಸ್ಟ್ 15ರಂದು ಘೋಷಣೆಯಾದ ಜಲಜೀವನ್ ಮಿಷನ್‌ನಲ್ಲಿ ಕರ್ನಾಟಕಕ್ಕೆ ಕೇಂದ್ರ ಅರ್ಧ, ರಾಜ್ಯ ಅರ್ಧ. 2025ರ ಕೇಂದ್ರ ಬಜೆಟ್ ಇದನ್ನು 2028ರವರೆಗೆ ವಿಸ್ತರಿಸಿದೆ. ಊರೊಳಗಿನ ಟ್ಯಾಂಕ್, ಪೈಪ್‌ಲೈನ್, ನಳಗಳ ವೆಚ್ಚದಲ್ಲಿ ಶೇ 10 ಜನರ ವಂತಿಗೆ. ಅದನ್ನು ಹಣವಾಗಿಯೇ ಕೊಡಬೇಕೆಂದಿಲ್ಲ, ಸಾಮಗ್ರಿ ಅಥವಾ ಶ್ರಮದ ರೂಪದಲ್ಲೂ ಕೊಡಬಹುದು. ಪರಿಶಿಷ್ಟ ಜಾತಿ, ಪಂಗಡದವರು ಅರ್ಧಕ್ಕಿಂತ ಹೆಚ್ಚಿರುವ ಊರಿಗೆ ಇದು ಶೇ 5 ಮಾತ್ರ. ನಮ್ಮ ರಾಜ್ಯದಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿ ಪಟ್ಟಿಯಲ್ಲಿದ್ದಾರೆ. ಹಾಗಾಗಿ ನಮ್ಮ ತಾಂಡಾಗಳಿಗೆ ಶೇ 5ರ ಲೆಕ್ಕವೇ ಹಾಕಿದೆಯೇ ಎಂದು ತಪ್ಪದೆ ನೋಡಬೇಕು. ಸಂವಿಧಾನದ 371(ಜೆ) ವಿಧಿಯ ಅಡಿ ಬರುವ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನ ಇನ್ನೊಂದು ದಾರಿ. ಜನ ಕೇಳದೇ ಬಿಡುವ ಮೂರನೇ ದಾರಿಯೂ ಇದೆ. ಸೇಡಂ, ಚಿತ್ತಾಪುರ ಭಾಗದ ಸುಣ್ಣದಕಲ್ಲು ಗಣಿಗಳಿಂದ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಹಣ ಸೇರುತ್ತದೆ. ನಿಯಮದಂತೆ ಅದರ ಬಹುಪಾಲು ಕುಡಿಯುವ ನೀರು, ಆರೋಗ್ಯ, ಶಿಕ್ಷಣದಂಥ ಆದ್ಯತೆಯ ಬಾಬ್ತುಗಳಿಗೇ ಹೋಗಬೇಕು.

ಇನ್ನು ಅಂದಾಜು ಪತ್ರಿಕೆ. 500 ಮನೆ, 2,500 ಜನರ ಊರು ಎಂದಿಟ್ಟುಕೊಳ್ಳಿ. ತಲೆಗೆ ದಿನಕ್ಕೆ 55 ಲೀಟರ್‌ನಂತೆ 1,37,500 ಲೀಟರ್, ಸೋರಿಕೆ ಸೇರಿಸಿದರೆ ಸುಮಾರು 1.6 ಲಕ್ಷ ಲೀಟರ್ ಬೇಕು. ಕೊಳವೆಬಾವಿ ಗಂಟೆಗೆ 5,000 ಲೀಟರ್ ಕೊಡುತ್ತದೆ, ಪಂಪ್ ದಿನಕ್ಕೆ 16 ಗಂಟೆ ಓಡುತ್ತದೆ ಎಂದು ಬರೆದರೆ ಎರಡು ಬೋರ್ ಸಾಕೆಂದು ಕಾಣುತ್ತದೆ. ಆದರೆ ಆ ಪಂಪ್‌ಗಳಿಗೆ ಕರೆಂಟ್ ಕೊಟ್ಟಿರುವುದು ಹೊಲದ ಪಂಪ್‌ಸೆಟ್‌ಗಳ ಫೀಡರ್‌ನಿಂದ (ವಿದ್ಯುತ್ ಮಾರ್ಗದಿಂದ) ಆದರೆ ಸಿಗುವುದು ಏಳು ಗಂಟೆ ತ್ರೀ ಫೇಸ್. ಎರಡೂ ಬೋರ್ ಸೇರಿ 70,000 ಲೀಟರ್, ತಲೆಗೆ 28 ಲೀಟರ್, ಅದೂ ಸೋರಿಕೆ ಕಳೆಯುವ ಮುಂಚೆ! ಬೋರ್‌ನಲ್ಲಿ ನೀರಿದ್ದರೂ ಟ್ಯಾಂಕ್ ತುಂಬುವುದಿಲ್ಲ. ಆದ್ದರಿಂದ ಕೇಳಬೇಕಾದ ಮೊದಲ ಪ್ರಶ್ನೆ: ಪಂಪ್ ಯಾವ ಫೀಡರ್ ಮೇಲಿದೆ? ಊರ ಮನೆಗಳಿಗೆ ದಿನವಿಡೀ ಕರೆಂಟ್ ಕೊಡುವ ನಿರಂತರ ಜ್ಯೋತಿ ಫೀಡರ್‌ಗೆ ಜೋಡಿಸುವ ಖರ್ಚು ಅಂದಾಜಿನಲ್ಲಿದೆಯೇ? ಎರಡನೆಯದು, ಬೋರ್‌ನ ಇಳುವರಿ ಅಳೆದದ್ದು ಯಾವ ತಿಂಗಳಲ್ಲಿ? ಮಳೆಗಾಲ ಮುಗಿದ ಕೂಡಲೇ ಎರಡು ಇಂಚು ಚೆಲ್ಲುವ ಬೋರ್ ಏಪ್ರಿಲ್ ಹೊತ್ತಿಗೆ ಅರ್ಧಕ್ಕಿಳಿಯುವುದು ನಮ್ಮಲ್ಲಿ ಹೊಸದಲ್ಲ. ಎಮ್ಮೆ, ಎತ್ತುಗಳ ನೀರು ಈ 55 ಲೀಟರ್ ಲೆಕ್ಕದಲ್ಲಿಲ್ಲ ಎಂಬುದೂ ಗಮನದಲ್ಲಿರಲಿ.

ಹೊಳೆ ನೀರಿನ ಬಹುಗ್ರಾಮ ಯೋಜನೆಯಾದರೆ ಪ್ರಶ್ನೆ ಬೇರೆ. ಬೇಸಿಗೆಯಲ್ಲಿ ಭೀಮಾ ಬತ್ತಿದಾಗ ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಿಡಿ ಎಂದು ಬೇಡುವ ಸ್ಥಿತಿ ನಮ್ಮದು. ಜಾಕ್‌ವೆಲ್ (ಹೊಳೆಯಿಂದ ನೀರೆತ್ತುವ ಬಾವಿ) ಇರುವ ಜಾಗದಲ್ಲಿ ಬ್ಯಾರೇಜಿನ ನೀರು ಎಷ್ಟು ದಿನಕ್ಕೆ ಸಾಲುತ್ತದೆ ಎಂಬ ಲೆಕ್ಕ ವಿವರವಾದ ಯೋಜನಾ ವರದಿಯಲ್ಲಿ (ಡಿಪಿಆರ್) ಇರಲೇಬೇಕು. ಹಾಗೆಂದು ಎಲ್ಲ ಕಡೆ ಬೋರ್ ನೀರೇ ಸರಿ ಎನ್ನಲೂ ಆಗದು. ಸುರಪುರ ತಾಲೂಕಿನ ಕಿರದಳ್ಳಿ ತಾಂಡಾದಲ್ಲಿ ಬೋರ್ ನೀರಿನಲ್ಲೇ ಆರ್ಸೆನಿಕ್ ಕಂಡುಬಂದಿತ್ತು. ಲೀಟರ್‌ಗೆ 0.01 ಮಿಲಿಗ್ರಾಂ ಅದರ ಮಿತಿ. ಅಂಥ ಕಡೆ ಇನ್ನೊಂದು ಬೋರ್ ಕೊರೆಸುವುದು ಪರಿಹಾರವಲ್ಲ.

ಅಗೆತದ ಬಾಬ್ತನ್ನು ಬಿಡದೆ ಓದಿಸಿ. ಎರೆ ಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಬಿರುಕು ಬಿಡುತ್ತದೆ. ಪೈಪ್ ಕೆಳಗೆ ಮರಳು ಅಥವಾ ಮುರುಮಿನ ಹಾಸು ಇಲ್ಲದಿದ್ದರೆ ಜಾಯಿಂಟ್ ಎಳೆದು ಬಿಚ್ಚಿಕೊಳ್ಳುತ್ತದೆ. ಶಹಾಬಾದ್, ವಾಡಿ ಸುತ್ತ ಹಾಸುಗಲ್ಲು ಸಿಗುತ್ತದೆ. ಅಂದಾಜಿನಲ್ಲಿ ಮೆತ್ತನೆ ಮಣ್ಣಿನ ದರ ಇದ್ದರೆ ಗುತ್ತಿಗೆದಾರ ಆಳ ಕಡಿಮೆ ಮಾಡಿ ಪೈಪನ್ನು ಗೇಣುದ್ದ ಕೆಳಗೆ ಮಲಗಿಸುತ್ತಾನೆ, ಟ್ರ್ಯಾಕ್ಟರ್ ಹಾದಾಗ ಅದು ಒಡೆಯುತ್ತದೆ. ಸಿಸಿ ರಸ್ತೆ ವಿಷಯವಂತೂ ಎಲ್ಲ ಊರಲ್ಲೂ ಒಂದೇ. ಅಂದಾಜಿನಲ್ಲಿ ಕಟ್ಟರ್ ಯಂತ್ರದಿಂದ ಒಂದಡಿ ಅಗಲ ಕೊಯ್ಯುವ ಲೆಕ್ಕ, ಓಣಿಯಲ್ಲಿ ಜೆಸಿಬಿ ಬಕೆಟ್‌ನಿಂದ ಎರಡಡಿ ಅಗೆತ. ಮುಚ್ಚಲು ಇಟ್ಟ ಕಾಂಕ್ರೀಟ್ ಅರ್ಧಕ್ಕೇ ಮುಗಿಯುತ್ತದೆ, ಉಳಿದದ್ದಕ್ಕೆ ಮಣ್ಣೇ ಗತಿ. ಮುಚ್ಚುವ ಮೊದಲು ಕೆಲಸದ ಒತ್ತಡದ ಒಂದೂವರೆ ಪಟ್ಟು ಒತ್ತಡದಲ್ಲಿ ಪೈಪ್ ಪರೀಕ್ಷೆ ಆಗಬೇಕು. ಮುಚ್ಚಿದ ಮೇಲೆ ಸೋರಿಕೆ ಹುಡುಕುವುದೆಂದರೆ ಮತ್ತೆ ರಸ್ತೆ ಒಡೆಯುವುದೇ.

ಇಷ್ಟೆಲ್ಲ ಸರಿಯಾದರೂ ಯೋಜನೆ ನಿಲ್ಲುವುದು ನಡೆಸುವ ಖರ್ಚಿನಲ್ಲಿ. ಕಟ್ಟಲು ಕೋಟಿ ಬರುತ್ತದೆ, ನಡೆಸುವ ಹೊಣೆ ಪಂಚಾಯಿತಿಗೆ ಬೀಳುತ್ತದೆ. ಐದು ಎಚ್‌ಪಿಯ ಎರಡು ಪಂಪ್ ದಿನಕ್ಕೆ 16 ಗಂಟೆ ಓಡಿದರೆ ತಿಂಗಳಿಗೆ ಸುಮಾರು 3,600 ಯೂನಿಟ್. ಇದರ ಮೇಲೆ ನೀರುಗಂಟಿಯ ಸಂಬಳ, ದಿನಕ್ಕೆ ಅರ್ಧದಿಂದ ಒಂದು ಕೆ.ಜಿ. ಬ್ಲೀಚಿಂಗ್ ಪೌಡರ್, ವಾಲ್ವ್ ದುರಸ್ತಿ, ಸುಟ್ಟ ಮೋಟರಿನ ರಿವೈಂಡಿಂಗ್. 2021-26ರ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 30ನ್ನು ಕುಡಿಯುವ ನೀರು, ಮಳೆನೀರು ಸಂಗ್ರಹಕ್ಕೆ, ಇನ್ನೊಂದು ಶೇ 30ನ್ನು ನೈರ್ಮಲ್ಯಕ್ಕೆ ಕಟ್ಟಿಹಾಕಲಾಗಿತ್ತು. ಉಳಿದ ಶೇ 40ನ್ನು ಸಂಬಳಕ್ಕೆ ಬಳಸುವಂತಿರಲಿಲ್ಲ. ನಾಲ್ಕೈದು ಹಳ್ಳಿ, ತಾಂಡಾಗಳಿರುವ ಪಂಚಾಯಿತಿಯಲ್ಲಿ ಆ ಶೇ 30 ಹಂಚಿದರೆ ಎಲ್ಲಿಗೂ ಸಾಲದು. ಹಾಗಾಗಿ ನೀರಿನ ಕರ ಎಷ್ಟು ಎಂಬುದನ್ನು ಕಾಮಗಾರಿ ಒಪ್ಪುವ ಸಭೆಯಲ್ಲೇ ಲೆಕ್ಕ ಹಾಕಿ ನಿಗದಿ ಮಾಡಬೇಕು. ಬಾಕಿ ಬಿಲ್‌ಗೆ ಸಂಪರ್ಕ ಕಡಿತವಾದ ಮೇಲೆ ಕರ ಕೇಳಿದರೆ ಯಾರೂ ಕೊಡುವುದಿಲ್ಲ, ಮತ್ತು ಅದು ಜನರ ತಪ್ಪೂ ಅಲ್ಲ.

ಗ್ರಾಮಸಭೆಯ ಕೈಯಲ್ಲಿ ಒಂದು ದೊಡ್ಡ ಅಧಿಕಾರವಿದೆ. ಗುತ್ತಿಗೆದಾರರು, ಎಂಜಿನಿಯರರು ಕೆಲಸ ಮುಗಿಯಿತೆಂದು ವರದಿ ಮಾಡಿದರೂ ಸಭೆಯ ಠರಾವು ಇಲ್ಲದೆ ಊರಿಗೆ 'ಹರ್ ಘರ್ ಜಲ್' (ಪ್ರತಿ ಮನೆಗೂ ನಳದ ನೀರು) ಪ್ರಮಾಣೀಕರಣ ಸಿಗುವುದಿಲ್ಲ. ಆ ಠರಾವನ್ನು ಶ್ರಾವಣದಲ್ಲಿ ಮಾಡಬೇಡಿ. ಮೇ ತಿಂಗಳವರೆಗೆ ಕಾಯಿರಿ. ಪೈಪಿನ ಕಟ್ಟಕಡೆಯ ಮನೆಯಲ್ಲಿ ಕೊಡ ಇಟ್ಟು ಅಳೆಯಿರಿ. ಐದು ಜನರ ಮನೆಗೆ ದಿನಕ್ಕೆ 275 ಲೀಟರ್ ಸತತ ಒಂದು ವಾರ ತುಂಬಿದರೆ, ಅಗೆದ ಸಿಸಿ ರಸ್ತೆ ಮುಚ್ಚಿದ್ದರೆ, ಪೈಪ್‌ಲೈನ್ ನಕ್ಷೆ ಪಂಚಾಯಿತಿ ಕೈ ಸೇರಿದ್ದರೆ ಮಾತ್ರ ಸಹಿ ಹಾಕಿ.

— ಓದುಗರು, ಚಿತ್ತಾಪುರ ತಾಲೂಕು, ಕಲಬುರಗಿ ಜಿಲ್ಲೆ