ಕೈಗೆ ಗಾಯ ಆಗಿದ್ದರೆ ಫಿಶ್ ಟ್ಯಾಂಕಿಗೆ ಕೈ ಹಾಕಬೇಡಿ

ಮಾನ್ಯ ಸಂಪಾದಕರೇ,

ನಮ್ಮ ಚಿಕ್ಕಮಗಳೂರಿನಲ್ಲಿ ಮಕ್ಕಳ ಹುಟ್ಟುಹಬ್ಬಕ್ಕೆ ಫಿಶ್ ಟ್ಯಾಂಕ್ ಕೊಡಿಸುವವರು ಸುಮಾರು ಜನ ಇದ್ದಾರೆ. ಅಂಗಡಿಯವರು ಬಣ್ಣದ ಕಲ್ಲು, ಮೋಟರ್, ಗೋಲ್ಡ್ ಫಿಶ್ ಎಲ್ಲ ಕೊಡುತ್ತಾರೆ. ದಿನಕ್ಕೆ ಎಷ್ಟು ಕಾಳು ಹಾಕಬೇಕು ಅಂತಲೂ ಹೇಳಿಕೊಡುತ್ತಾರೆ. ಆದರೆ ಟ್ಯಾಂಕ್ ತೊಳೆಯುವವರ ಕೈ ಬಗ್ಗೆ ಯಾರೂ ಒಂದು ಮಾತೂ ಆಡುವುದಿಲ್ಲ. ಈ ಪತ್ರ ಅದಕ್ಕೇ.

ನಮ್ಮ ಬೀದಿಯಲ್ಲಿ ಕಾಫಿ ತೋಟದ ಕೆಲಸ ಮಾಡುವ ಅಣ್ಣ ಒಬ್ಬರಿದ್ದಾರೆ. ಮರಗಸಿ (ನೆರಳಿನ ಮರದ ಕೊಂಬೆ ಕಡಿಯೋದು), ಚಿಗುರು ತೆಗೆಯೋದು ಅಂತ ಕೈ ತುಂಬಾ ಯಾವಾಗಲೂ ಗೀರು ಇದ್ದೇ ಇರುತ್ತದೆ. ಭಾನುವಾರ ಬಂತು ಅಂದರೆ ಅದೇ ಕೈಯನ್ನು ಮೊಣಕೈವರೆಗೂ ಟ್ಯಾಂಕಿಗೆ ಇಳಿಸಿ ಗಾಜಿನ ಪಾಚಿ ಉಜ್ಜುತ್ತಾರೆ. ಒಂದು ಸಲ ಬೆರಳಿನ ಗೆಣ್ಣಿನ ಮೇಲೆ ಕೆಂಪಗೆ ಸಣ್ಣ ಗಂಟು ಎದ್ದಿತು. ನೋವೇನೂ ಇರಲಿಲ್ಲ. ಆಮೇಲೆ ಅದು ಒಡೆದು ಹುಣ್ಣಾಯಿತು, ಮುಂಗೈ ಮೇಲೆ ಸಾಲಾಗಿ ಇನ್ನೂ ಎರಡು ಗಂಟು ಬಂದವು. ಮುಲಾಮು ಹಚ್ಚಿದರು, ಮಾತ್ರೆ ನುಂಗಿದರು, ವಾಸಿಯಾಗಲಿಲ್ಲ. ಕೊನೆಗೆ ಚರ್ಮದ ಡಾಕ್ಟರೊಬ್ಬರು 'ಮನೇಲಿ ಮೀನು ಸಾಕಿದ್ದೀರಾ?' ಅಂತ ಕೇಳಿದ ಮೇಲೇ ವಿಷಯ ಗೊತ್ತಾಗಿದ್ದು.

ಇದಕ್ಕೆ ಕಾರಣ ಮೈಕೋಬ್ಯಾಕ್ಟೀರಿಯಂ ಮರೀನಮ್ ಅನ್ನುವ ರೋಗಾಣು. ಕ್ಷಯರೋಗದ ರೋಗಾಣುವಿಗೆ ಹತ್ತಿರದ ನೆಂಟ. 1926ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಒಂದು ಅಕ್ವೇರಿಯಂನಲ್ಲಿ ಸತ್ತ ಮೀನುಗಳಲ್ಲಿ ಇದನ್ನು ಮೊದಲು ಗುರುತಿಸಿದರು. ಸುಮಾರು 30 ಡಿಗ್ರಿ ಬಿಸಿ ಇದಕ್ಕೆ ಹಿತ, ದೇಹದ ಒಳಗಿನ 37 ಡಿಗ್ರಿ ಅಷ್ಟಾಗಿ ಆಗಿಬರುವುದಿಲ್ಲ. ಅದಕ್ಕೇ ತಂಪಾಗಿರುವ ಬೆರಳು, ಅಂಗೈ ಹಿಂಭಾಗ, ಮೊಣಕೈಯಲ್ಲೇ ಜಾಸ್ತಿ ಕಾಣಿಸುತ್ತದೆ. ಗಾಯಕ್ಕೆ ನೀರು ತಾಗಿ ಎರಡು ಮೂರು ವಾರ ಕಳೆದ ಮೇಲೆ ಗಂಟು ಬರುತ್ತದೆ, ಕೆಲವರಿಗೆ ಇನ್ನೂ ತಡ. ಅಷ್ಟರಲ್ಲಿ ಟ್ಯಾಂಕ್ ತೊಳೆದದ್ದು ಯಾರಿಗೆ ನೆನಪಿರುತ್ತೆ ಹೇಳಿ? ಇದು ತೀರಾ ಅಪರೂಪದ ಕಾಯಿಲೆ, ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ, ಸುಮ್ನೆ ಗಾಬರಿ ಬೇಡ. ಆದರೆ ಬಂದರೆ ತಿಂಗಳುಗಟ್ಟಲೆ ಆಂಟಿಬಯೋಟಿಕ್ ತಗೊಳ್ಳಬೇಕಾಗುತ್ತದೆ. ಹಾಗಾಗಿ ಕೈ ಮೇಲಿನ ಗಂಟು ವಾಸಿಯಾಗದಿದ್ದರೆ, ಡಾಕ್ಟರು ಕೇಳದಿದ್ದರೂ ಮೀನು ಸಾಕಿದ್ದೇವೆ ಅಂತ ನೀವೇ ಹೇಳಿಬಿಡಿ.

ಗೀರು, ಗಾಯ ಇದ್ದರೆ ಅವತ್ತು ಬೇರೆಯವರ ಕೈಲಿ ಕೆಲಸ ಮಾಡಿಸಿ, ಇಲ್ಲವೇ ಮೊಣಕೈವರೆಗೆ ಬರುವ ರಬ್ಬರ್ ಗ್ಲೌಸ್ ಹಾಕಿಕೊಳ್ಳಿ. ಕೈ ಹಾಕುವ ಮುಂಚೆ ಬರೀ ನೀರಲ್ಲಿ ಚೆನ್ನಾಗಿ ತೊಳೆದರೆ ಸಾಕು, ಯಾಕೆಂದರೆ ಸೋಪು, ಕ್ರೀಮು, ಸ್ಯಾನಿಟೈಸರ್ ಕೈಯಲ್ಲಿ ಉಳಿದರೆ ಮೀನಿಗೆ ಕೆಟ್ಟದ್ದು. ಕೆಲಸ ಮುಗಿದ ಮೇಲೆ ಮಾತ್ರ ಉಗುರಿನ ಸಂದಿ ಬಿಡದೆ ಸೋಪು ಹಚ್ಚಿ ಉಜ್ಜಬೇಕು. ಪೈಪನ್ನು ಬಾಯಲ್ಲಿ ಎಳೆದು ನೀರು ತೆಗೆಯುವ ಅಭ್ಯಾಸ ದಯವಿಟ್ಟು ಬಿಡಿ. ಆ ನೀರಿನಲ್ಲಿ ಸಾಲ್ಮೊನೆಲ್ಲಾದಂಥ ವಾಂತಿಭೇದಿ ತರುವ ರೋಗಾಣುಗಳೂ ಇರಬಹುದು. ಫಿಲ್ಟರ್ ಸ್ಪಾಂಜನ್ನು ಅಡುಗೆಮನೆ ಸಿಂಕಿನಲ್ಲಿ ಹಿಂಡಬೇಡಿ, ಅದಕ್ಕೇ ಅಂತ ಒಂದು ಬಕೆಟ್ ಬೇರೆ ಇಡಿ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಇದು ಇನ್ನೂ ಮುಖ್ಯ.

ಕರೆಂಟಿನ ವಿಷಯವನ್ನೂ ಹೇಳಬೇಕು. ನಮ್ಮೂರಿನ ಚಳಿಗೆ ಹೀಟರ್ ಹಾಕುವವರು ಇದ್ದಾರೆ. ನೀರಿಗೆ ಕೈ ಹಾಕುವ ಮುಂಚೆ ಹೀಟರ್, ಮೋಟರ್ ಎರಡರ ಪ್ಲಗ್ಗೂ ಕಿತ್ತಿಡಿ. ಕರೆಂಟ್ ಹೋಗಿದೆ ಅಂತ ಹಾಗೇ ಬಿಡಬೇಡಿ, ಕೈ ಒಳಗಿರುವಾಗಲೇ ಬಂದುಬಿಡಬಹುದು ಅಲ್ವಾ? ವೈರ್ ಪ್ಲಗ್ಗಿಗಿಂತ ಕೆಳಗೆ ಇಳಿದು ಮತ್ತೆ ಮೇಲೆ ಹೋಗುವ ಹಾಗೆ ಇದ್ದರೆ ವೈರ್ ಮೇಲೆ ಜಾರಿ ಬರುವ ನೀರು ಪ್ಲಗ್ಗಿಗೆ ಹೋಗದೆ ಕೆಳಗೇ ತೊಟ್ಟಿಕ್ಕುತ್ತದೆ.

ಮೀನು ಮಾರುವ ಅಂಗಡಿಯವರಲ್ಲಿ ನನ್ನ ವಿನಂತಿ ಇಷ್ಟೇ. ಈ ನಾಲ್ಕು ಮಾತನ್ನು ಒಂದು ಚೀಟಿಯಲ್ಲಿ ಕನ್ನಡದಲ್ಲಿ ಅಚ್ಚು ಹಾಕಿಸಿ ಟ್ಯಾಂಕಿನ ಜೊತೆ ಕೊಡಿ. ಉದ್ದನೆಯ ಗ್ಲೌಸನ್ನೂ ಅಂಗಡಿಯಲ್ಲಿ ಇಟ್ಟಿರಿ, ಕೇಳಿದವರಿಗೆ ಸಿಗಲಿ.

– ಮೀನು ಸಾಕುವ ಓದುಗ, ಚಿಕ್ಕಮಗಳೂರು